ಅಪ್ಪನ ನಾಲ್ಕು ಲಕ್ಷ

ನನಗೊಂದು ಚಟವಿದೆ. ಬಸ್ಸು ಹತ್ತಿದ ಕೂಡಲೇ ಎಲ್ಲರೂ ಸೀಟು ಹುಡುಕಿದರೆ ನಾನು ಡ್ರೈವರನ ಪಕ್ಕದ ಇಂಜಿನ್ ಮುಚ್ಚಳ ನೋಡುತ್ತೇನೆ. ಅದರ ಮೇಲೆ ಒಂದೆರಡು ಬಟ್ಟೆಯ ಚೀಲ ಕುಳಿತಿದ್ದರೆ ಮನಸ್ಸಿಗೆ ಏನೋ ಸಮಾಧಾನ. ಇಲ್ಲದಿದ್ದರೆ, ಒಳಗೆ ಕಾಲಿಡಲು ಜಾಗವಿಲ್ಲದಷ್ಟು ಜನರಿದ್ದರೂ ಬಸ್ಸು ಖಾಲಿ ಬಂದಿದೆ ಅನ್ನಿಸುತ್ತದೆ. ಹೀಗೆ ಚೀಲ ನೋಡುತ್ತ ನಿಂತು, ಸೀಟು ತಪ್ಪಿ, ರಾಯಚೂರಿನಿಂದ ದೇವದುರ್ಗದವರೆಗೆ ಕಂಬ ಹಿಡಿದುಕೊಂಡೇ ಹೋದದ್ದೂ ಉಂಟು. "ನಿನಗ ಸೀಟ್ ಬೇಕೋ, ಬುತ್ತಿ ಬೇಕೋ, ಮೊದಲ ಹೇಳಿಬಿಡು" ಎಂದು ನನ್ನ ಯಜಮಾನರು ರೇಗಿಸುತ್ತಾರೆ. ಅವರು ಊರಲ್ಲೇ ಇದ್ದು ಓದಿದವರು. ಅವರಿಗೆ ಇದೆಲ್ಲ ಅರ್ಥವಾಗುವುದಿಲ್ಲ, ಬಿಡಿ.

ಆ ಚೀಲಗಳ ಸಂಗತಿ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ದೂರದವರು ಯಾರಾದರೂ ಓದುತ್ತಿದ್ದರೆ ಅವರಿಗಾಗಿ ಹೇಳುತ್ತೇನೆ. ಹಳ್ಳಿಯ ಮಕ್ಕಳು ಓದಲೆಂದು ರಾಯಚೂರಿನಲ್ಲಿ ಕೋಣೆ ಹಿಡಿದುಕೊಂಡಿದ್ದರೆ, ಊರಲ್ಲಿ ತಾಯಂದಿರು ನಸುಕಿನಲ್ಲೇ ಎದ್ದು ರೊಟ್ಟಿ ಬಡಿದು, ಬುತ್ತಿ ಕಟ್ಟಿ, ಮೊದಲ ಬಸ್ಸಿನಲ್ಲಿ ಕಳಿಸುತ್ತಾರೆ. ಚೀಲಕ್ಕೆ ಟಿಕೆಟ್ಟಿಲ್ಲ, ವಿಳಾಸವಿಲ್ಲ. ಡ್ರೈವರನ ಪಕ್ಕದ ಆ ಬಿಸಿ ಮುಚ್ಚಳದ ಮೇಲೆ ಕುಳಿತು ಬರುತ್ತದೆ. ಬಸ್ ನಿಲ್ದಾಣದಲ್ಲಿ ಕಾದು ನಿಂತ ಮಕ್ಕಳು ತಮ್ಮ ತಮ್ಮ ಚೀಲ ಎತ್ತಿಕೊಂಡು, ನಿನ್ನೆಯ ಖಾಲಿ ಡಬ್ಬಿ ಅಲ್ಲೇ ಇಟ್ಟು ಓಡುತ್ತಾರೆ. ನನ್ನ ಚೀಲದಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಇರುತ್ತಿದ್ದವು. ಇಂಜಿನ್ನಿನ ಕಾವಿಗೆ ಪಲ್ಯ ಆಗಷ್ಟೇ ಒಲೆಯಿಂದ ಇಳಿಸಿದಷ್ಟು ಬೆಚ್ಚಗೆ, ಜೊತೆಗೆ ಡೀಸೆಲ್ಲಿನ ಒಂದು ಸಣ್ಣ ವಾಸನೆ. ಈಗಲೂ ಮನೆಯಲ್ಲಿ ಪುಂಡಿಪಲ್ಯ ಮಾಡಿದಾಗ ಏನೋ ಕಡಿಮೆಯಾಗಿದೆ ಅನ್ನಿಸುವುದು ಡೀಸೆಲ್ಲಿನ ಸಲುವಾಗಿಯೇ ಇರಬೇಕು. ಒಮ್ಮೆ ಹೊಸ ಡ್ರೈವರ್ ಬಂದಿದ್ದ. ಅವನು ಚೀಲ ಇಳಿಸುವುದನ್ನು ಮರೆತು ಬಸ್ಸನ್ನು ಮುಂದಕ್ಕೆ ಹೊಡೆದುಕೊಂಡು ಹೋದ. ನನ್ನ ಬುತ್ತಿ ಹೈದರಾಬಾದ್ ನೋಡಿಕೊಂಡು ಮರುದಿನ ಬಂತು. ನಾನಿನ್ನೂ ಹೈದರಾಬಾದ್ ನೋಡಿರಲಿಲ್ಲ.

ಈಗ ನಾನು ರಾಯಚೂರಿನ ಒಂದು ಕಾಲೇಜಿನಲ್ಲಿ ಇತಿಹಾಸ ಹೇಳಿಕೊಡುತ್ತೇನೆ. ಹೆಸರು ಹುಲಿಗೆಮ್ಮ. ಹೆಸರು ಕೇಳಿ ಹೆದರಿದ ಹುಡುಗರು ನನ್ನನ್ನು ನೋಡಿದ ಮೇಲೆ ಧೈರ್ಯ ತಂದುಕೊಳ್ಳುತ್ತಾರೆ. ಪಾಠದ ಜೊತೆಗೆ ವಿದ್ಯಾರ್ಥಿ ವೇತನದ ಕೆಲಸವೂ ನನ್ನ ತಲೆಗೇ ಕಟ್ಟಿದ್ದಾರೆ. ಹೊಸ ಮಕ್ಕಳು ಬಂದಾಗ ಓದಲು ಏನೇನು ನೆರವು ಸಿಗುತ್ತದೆ ಎಂದು ಒಂದು ಭಾಷಣ ಮಾಡಬೇಕು. ಸರ್ಕಾರದ ಸುತ್ತೋಲೆ ಓದಿದರೆ ಮಕ್ಕಳಿಗಿಂತ ಮೊದಲು ನನಗೇ ನಿದ್ದೆ ಬರುವುದರಿಂದ ನಾನು ನನ್ನದೇ ರೀತಿಯಲ್ಲಿ ಹೇಳುತ್ತೇನೆ. ನೋಡ್ರವ್ವ, ನೋಡ್ರಪ್ಪ, ಒಂದು ನೆರವು ಕೈಗೆ ಬರುತ್ತದೆ, ಅದು ಸ್ಕಾಲರ್‌ಶಿಪ್ಪು. ಒಂದು ನಿಮ್ಮ ಕೈಯಿಂದ ಹೋಗುವುದನ್ನು ತಡೆಯುತ್ತದೆ, ಅದು ಫೀಜಿನ ವಿನಾಯಿತಿ. ಒಂದು ಹೊಟ್ಟೆಗೆ, ಅದು ಹಾಸ್ಟೆಲ್ಲು. ಒಂದು ಕಾಲಿಗೆ, ಅದು ಬಸ್ ಪಾಸು. ಹುಡುಗಿಯರಿಗೆ ಈಗ ಅದೂ ಬೇಡ. ಇನ್ನೊಂದು ತಿರುಗಿ ಕೊಡಬೇಕಾದದ್ದು. ಅದರಲ್ಲಿ ಎರಡು ನಮೂನೆ. ಲೈಬ್ರರಿಯ ಬುಕ್ ಬ್ಯಾಂಕಿನ ಪುಸ್ತಕ ವರ್ಷದ ಕೊನೆಗೆ ತಿರುಗಿ ಕೊಡಬೇಕು. ಬ್ಯಾಂಕಿನ ಶಿಕ್ಷಣ ಸಾಲ ನೌಕರಿ ಹಿಡಿದ ಮೇಲೆ.

ಬುಕ್ ಬ್ಯಾಂಕಿನ ಮಾತು ಬಂತು, ಒಂದು ಹೇಳಿಬಿಡುತ್ತೇನೆ. ನನಗೆ ಸಿಕ್ಕಿದ್ದ ಅರ್ಥಶಾಸ್ತ್ರದ ಪುಸ್ತಕವನ್ನು ನನಗಿಂತ ಮೊದಲು ಓದಿದ ಯಾರೋ ಮಹಾನುಭಾವರು ಮುಖ್ಯವಾದ ಸಾಲುಗಳಿಗೆ ಗೆರೆ ಎಳೆದಿದ್ದರು. ಅವರಿಗೆ ಎಲ್ಲ ಸಾಲೂ ಮುಖ್ಯ ಅನ್ನಿಸಿದ್ದವು. ಬೆಲೆ, ಮುದ್ರಣಾಲಯದ ಹೆಸರು ಸಹ ಬಿಟ್ಟಿರಲಿಲ್ಲ. ಅಷ್ಟು ಶ್ರದ್ಧೆಯ ಆ ಮನುಷ್ಯ ಪಾಸಾದನೋ ಇಲ್ಲವೋ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಈ ವರ್ಷ ಭಾಷಣ ಮುಗಿಸಿ, ಏನಾದರೂ ಕೇಳುವುದಿದ್ದರೆ ಕೇಳಿ ಅಂದೆ. ಹಿಂದಿನ ಬೆಂಚಿನಿಂದ ಯಾಪಲದಿನ್ನಿಯ ಒಂದು ಹುಡುಗಿ ಎದ್ದು ನಿಂತಳು.

"ಮೇಡಂ, ಬಸ್ಸಿನ್ಯಾಗ ಬುತ್ತಿ ತರಿಸ್ಕೊಳ್ಳಾಕ ಯಾವ ಅರ್ಜಿ ಹಾಕಬೇಕ್ರೀ?"

ಎಲ್ಲರೂ ನಕ್ಕರು. ನಾನೂ ನಕ್ಕೆ. "ಅದಕ್ಕ ಅರ್ಜಿ ಇಲ್ಲವ್ವ. ಮನ್ಯಾಗ ಅವ್ವ ಇದ್ರ ಸಾಕು" ಅಂದೆ. ಉಳಿದ ಎಲ್ಲದಕ್ಕೂ ಅರ್ಜಿ ಬೇಕು. ಅರ್ಜಿಯ ಜೊತೆಗೆ ಆದಾಯ ಪ್ರಮಾಣ ಪತ್ರ ಬೇಕು. ನಿಮ್ಮ ಅಪ್ಪನಿಗೆ ವರ್ಷಕ್ಕೆ ಎಷ್ಟು ಬರುತ್ತದೆ ಎಂದು ಸರ್ಕಾರ ಬರೆದು ಕೊಡುವ ಕಾಗದ ಅದು. ಒಮ್ಮೆ ಬರೆದರೆ ಐದು ವರ್ಷ ನಡೆಯುತ್ತದೆ. ಅದರ ಹೆಸರೆತ್ತಿದಾಗಲೆಲ್ಲ ನನಗೆ ನನ್ನ ಅಪ್ಪ ನೆನಪಾಗುತ್ತಾನೆ.

ನನ್ನ ಅಪ್ಪ ಈರಪ್ಪ ದೇವದುರ್ಗದ ಆಚೆಯ ಒಂದು ಸಣ್ಣ ಊರಿನವನು. ಕುರಿ ಕಾಯುವವನು. ಎತ್ತರದ ಆಳು, ತಲೆಗೆ ಸದಾ ರುಮಾಲು. ಅವನ ಬಾಯಲ್ಲಿ "ಇಲ್ಲ" ಎಂಬ ಮಾತು ಬರುತ್ತಿರಲಿಲ್ಲ. ನಮ್ಮ ಮನೆಗಳಲ್ಲಿ ಹಿಟ್ಟು ಮುಗಿದರೆ ಮುಗಿಯಿತು ಅನ್ನಬಾರದು, ತುಂಬಿದೆ ಅನ್ನಬೇಕು, ನಿಮಗೆ ಗೊತ್ತೇ ಇದೆ. ಮನೆಯ ಹೆಂಗಸರು ಹಿಟ್ಟು, ಬೆಲ್ಲ, ಬಳೆಗೆ ಮಾತ್ರ ಪಾಲಿಸುವ ಈ ಶಾಸ್ತ್ರವನ್ನು ಅಪ್ಪ ಇಡೀ ಬದುಕಿಗೇ ಹಚ್ಚಿಕೊಂಡಿದ್ದ. ಯಾರು ಕೇಳಿದರೂ ಮಳೆ ಚಲೋ ಆಗಿತ್ತು, ಬೆಳೆ ಚಲೋ ಬಂದಿತ್ತು, ಕುರಿ ಚಲೋ ಈದಿದ್ದವು. ಒಮ್ಮೆ ಅವನಿಗೆ ಚಳಿಜ್ವರ ಬಂದು ಹಲ್ಲು ಕಟಕಟ ಅನ್ನುತ್ತಿದ್ದಾಗ ಬಾಗಿಲಲ್ಲಿ ನಿಂತು ಹ್ಯಾಂಗದೀಯೋ ಎಂದು ಕೇಳಿದವರಿಗೆ ಕಂಬಳಿಯ ಒಳಗಿನಿಂದಲೇ "ಆರಾಮ್ ಅದೀನಿ, ಬರ್ರಿ ಒಳಗ, ಚಾ ಕುಡೀರಿ" ಅಂದಿದ್ದ. ಚಾ ಮಾಡಲು ಅವ್ವ ಪಕ್ಕದ ಮನೆಯಿಂದ ಸಕ್ಕರೆ ತಂದಳು.

ನಾನು ದೇವದುರ್ಗದಲ್ಲಿ ಪಿಯುಸಿ ಮುಗಿಸಿದ್ದೆ. ರಾಯಚೂರಿನಲ್ಲಿ ಡಿಗ್ರಿ ಸೇರಬೇಕು, ಸರ್ಕಾರಿ ಹಾಸ್ಟೆಲ್ಲಿನಲ್ಲಿ ಇರಬೇಕು ಎಂಬುದು ನನ್ನ ಆಸೆ. ಅದಕ್ಕೆ ಆದಾಯದ ಕಾಗದ ಬೇಕಿತ್ತು. ಅರ್ಜಿ ಕೊಟ್ಟಿದ್ದೆವು. ವಿಚಾರಿಸಲು ಗ್ರಾಮ ಲೆಕ್ಕಿಗರು ಊರಿಗೆ ಬಂದ ದಿನವೇ, ನನ್ನ ಅಕ್ಕ ನಾಗಮ್ಮನನ್ನು ನೋಡಲು ಮಾನ್ವಿಯಿಂದ ಗಂಡಿನ ಕಡೆಯವರೂ ಬಂದಿದ್ದರು. ಅವಲಕ್ಕಿ ತಿಂದು, ಚಾ ಕುಡಿದು, ಎಲ್ಲರೂ ಹಣಮಪ್ಪನ ಗುಡಿಯ ಕಟ್ಟೆಯ ಮೇಲೆ ಗಾಳಿಗೆ ಕುಳಿತಿದ್ದರು. ಲೆಕ್ಕಿಗರು ಅಲ್ಲಿಗೇ ಬಂದು, ಚೀಲದಿಂದ ಕಾಗದ ತೆಗೆದು, ಎಲ್ಲರೆದುರು ಕೇಳಿಬಿಟ್ಟರು.

"ಈರಪ್ಪ, ನಿನಗ ವರ್ಷಕ್ಕ ಎಷ್ಟು ಬರ್ತದ?"

ಗಂಡಿನ ಕಡೆಯವರು ಆ ಕಡೆ ನೋಡಿದಂತೆ ಮಾಡಿ ಕಿವಿ ಮಾತ್ರ ಈ ಕಡೆ ಇಟ್ಟರು. ಅಪ್ಪ ರುಮಾಲು ಸರಿ ಮಾಡಿಕೊಂಡ.

"ಏನಿಲ್ಲಂದ್ರೂ ನಾಕ ಲಕ್ಷಕ್ಕ ಮೋಸ ಇಲ್ರಿ."

ಲೆಕ್ಕಿಗರು ಒಳ್ಳೆಯವರು. ಪೆನ್ನು ಹಾಗೇ ಹಿಡಿದುಕೊಂಡು, "ಯೋಚನಿ ಮಾಡಿ ಹೇಳು ಈರಪ್ಪ" ಅಂದರು. ಕಣ್ಣನ್ನೂ ಹೊಡೆದರಂತೆ. ಅಪ್ಪ ಅದನ್ನು ನೋಡಿಯೂ ನೋಡದವನಂತೆ, "ಯೋಚನಿ ಮಾಡೇ ಹೇಳಾಕತ್ತೀನಿ, ಬರ್ಕೋರಿ" ಅಂದ. ಅವರು ಬರೆದುಕೊಂಡರು. ಆ ಒಂದು ಮಾತಿಗೆ ಅಕ್ಕನ ಮದುವೆ ಗಟ್ಟಿಯಾಯಿತು, ನನ್ನ ಹಾಸ್ಟೆಲ್ಲು ಹೋಯಿತು. ಸ್ಕಾಲರ್‌ಶಿಪ್ಪೂ ಹೋಯಿತು, ಫೀಜಿನ ವಿನಾಯಿತಿಯೂ ಹೋಯಿತು. ಸರ್ಕಾರದ ಕಣ್ಣಿಗೆ ನಾನು ಸಾಹುಕಾರರ ಮಗಳಾದೆ.

ಅಪ್ಪನ ಮೇಲೆ ಆಗ ಸಿಟ್ಟು ಬಂತೇ ಎಂದು ಕೇಳಿದರೆ, ಬಂತು. ಆದರೆ ಅಕ್ಕನ ಮುಖ ನೋಡಿದರೆ ಸಿಟ್ಟು ಉಳಿಯುತ್ತಿರಲಿಲ್ಲ. ಆ ಹುಡುಗ ಅವಳಿಗೆ ಒಪ್ಪಿಗೆಯಾಗಿದ್ದ. ಅಡುಗೆ ಮನೆಯಲ್ಲಿ ಸುಮ್ಮಸುಮ್ಮನೆ ನಗುತ್ತಿದ್ದಳು.

ರಾಯಚೂರಿನ ಒಂದು ಓಣಿಯಲ್ಲಿ ಮಾನ್ವಿಯ ಹಸೀನಾ ಎಂಬ ಹುಡುಗಿಯ ಜೊತೆ ಕೋಣೆ ಹಿಡಿದೆ. ಹಾಸ್ಟೆಲ್ಲಿಗೆ ಅರ್ಜಿ ಹಾಕುವ ಕೊನೆಯ ದಿನ ಅವಳಿಗೆ ಜ್ವರ ಬಂದಿತ್ತು. ನನಗೆ ನಾಲ್ಕು ಲಕ್ಷ ಬಂದಿತ್ತು. ನನ್ನ ಕಥೆ ಕೇಳಿದ ಮೇಲೆ ಅವಳು ನನ್ನನ್ನು ಸಾಹುಕಾರ್ತಿ ಎಂದೇ ಕರೆಯುತ್ತಿದ್ದಳು. "ಸಾವ್ಕಾರ್ತಿ, ಇಷ್ಟು ಆಸ್ತಿ ಇಟ್ಕೊಂಡು ನನ್ನ ಸಾಬೂನ್ ಯಾಕ ಸವಸ್ತೀ ಬೇ?" ಎಂದು ಬೆಳಿಗ್ಗೆಯೇ ಶುರುಮಾಡುತ್ತಿದ್ದಳು. ಬಾಯಿ ಜೋರು, ಕೈ ದೊಡ್ಡದು. ಮಾನ್ವಿ ಬಸ್ಸಿನಲ್ಲಿ ಬಂದ ಅವಳ ಬುತ್ತಿ, ದೇವದುರ್ಗದ ಬಸ್ಸಿನಲ್ಲಿ ಬಂದ ನನ್ನ ಬುತ್ತಿ ಒಂದೇ ಪೇಪರಿನ ಮೇಲೆ ಬಿಚ್ಚಿಕೊಳ್ಳುತ್ತಿದ್ದವು. ಅವಳಿಗೆ ಸ್ಕಾಲರ್‌ಶಿಪ್ ಬಂದ ದಿನ ಇಬ್ಬರಿಗೂ ಚಪ್ಪಲಿ ತಂದಳು. ಇದು ಯಾವ ನಮೂನೆಯ ನೆರವು ಎಂದು ಯಾವ ಸುತ್ತೋಲೆಯಲ್ಲೂ ಬರೆದಿಲ್ಲ.

ಫೀಜು ಕಟ್ಟುವ ಹೊತ್ತಿಗೆ ಮಾತ್ರ ಅಪ್ಪನ ಟಗರು ಸಂತೆಗೆ ಹೋಗುತ್ತಿತ್ತು. ರಜೆಗೆ ಹೋದಾಗ ದೊಡ್ಡಿಯಲ್ಲಿ ಕುರಿ ಕಡಿಮೆ ಕಂಡು ಎಲ್ಲಿ ಹೋದವು ಎಂದು ಕೇಳಿದರೆ ಅಪ್ಪ ನಗುತ್ತಿದ್ದ.

"ರಾಯಚೂರಿಗೆ ಓದಾಕ ಹೋಗ್ಯಾವ ಯವ್ವಾ. ನಿನಗ ಭೆಟ್ಟಿ ಆಗ್ಲಿಲ್ಲೇನು?"

ಮೊದಲ ಸಲ ನಾನೂ ನಕ್ಕಿದ್ದೆ. ವರ್ಷ ಮುಗಿಯುವ ಹೊತ್ತಿಗೆ ನಗಲಾಗದೆ ದೊಡ್ಡಿಯಲ್ಲಿ ಉಳಿದವನ್ನು ಎಣಿಸಿದೆ. ಉಳಿದ ಕೆಲವೇ ಕುರಿಗಳೂ ಹೋದರೆ ಅಪ್ಪ ಬೆಳಿಗ್ಗೆ ಎದ್ದು ಯಾವ ಕೆಲಸಕ್ಕೆ ಹೋಗಬೇಕು? ಅವ್ವ ನನ್ನನ್ನು ಒಲೆಯ ಹತ್ತಿರ ಕೂರಿಸಿಕೊಂಡು ಮೆಲ್ಲಗೆ ಹೇಳಿದಳು. "ಬರೋ ವರ್ಷ ಹಾಸ್ಟೆಲ್ಲು ಸಿಕ್ರ ಓದು. ಇಲ್ಲಂದ್ರ ಇಷ್ಟಕ್ಕ ಸಾಕು ಮಾಡು ನನ್ನವ್ವಾ. ನಿಮ್ಮಪ್ಪ ಬ್ಯಾಡ ಅನ್ನಂಗಿಲ್ಲ, ಅದಕ್ಕ ನಾ ಅನ್ನಾಕತ್ತೀನಿ."

ನಮ್ಮ ಕನ್ನಡ ಮೇಷ್ಟ್ರು ದಾರಿ ತೋರಿಸಿದರು. ಆದಾಯದ ಕಾಗದ ತಪ್ಪಾಗಿದೆ, ಮತ್ತೊಮ್ಮೆ ವಿಚಾರಣೆ ಮಾಡಿ ಎಂದು ನಾಡಕಚೇರಿಗೆ ಅರ್ಜಿ ಕೊಡಬಹುದು, ಅವರು ಊರಿಗೆ ಬಂದು ನಾಲ್ಕು ಜನರನ್ನು ಕೇಳಿ ಪಂಚನಾಮೆ ಬರೆಯುತ್ತಾರೆ ಅಂದರು. ಮನೆಗೆ ಬಂದು ಹೇಳಿದರೆ ಅಪ್ಪ ಒಪ್ಪಲಿಲ್ಲ. "ಮಾನ್ವ್ಯಾಗ ಗೊತ್ತಾದ್ರ? ಬೀಗರು ಏನಂತಾರ? ಸುಳ್ಳ ಹೇಳಿ ಹೆಣ್ಣು ಕೊಟ್ಟಾನಂತ ನಾಗವ್ವನ ಮುಖಕ್ಕ ಅಂದ್ರ?" ಅಂದ. ಅವನ ಭಯ ಸುಳ್ಳಲ್ಲ. ಅಕ್ಕ ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ, ಆಗಲೇ ಬಸುರಿ. ನನ್ನ ಓದು ಒಂದು ಕಡೆ, ಅವಳ ಸಂಸಾರ ಒಂದು ಕಡೆ. ನಾನು ಪುಸ್ತಕಗಳನ್ನು ಚೀಲಕ್ಕೆ ತುಂಬಲು ಶುರುಮಾಡಿದೆ, ತಿರುಗಿ ಕೊಡಲೆಂದು. ಅಪ್ಪ ಅದನ್ನು ನೋಡಿದ. "ವಿಚಾರಣಿಗೆ ಬರ್ಲಿ ಬಿಡು. ಆದ್ರ ನಾ ಬಡವ ಅಂತ ನನ್ನ ಬಾಯಿಲೆ ಅನ್ನಂಗಿಲ್ಲ" ಅಂದ.

ವಿಚಾರಣೆಗೆ ಬರುವವರು ಕಂದಾಯ ನಿರೀಕ್ಷಕರು. ನಮ್ಮ ಊರಿನ ಹಿರಿಯರಿಗೆ ಅವರು ಇವತ್ತಿಗೂ ಗಿರದಾವರ ಸಾಹೇಬರು. ಸಾಹೇಬರು ಬರುತ್ತಾರೆ ಎಂಬ ಸುದ್ದಿ ಬಂದದ್ದೇ ತಡ, ಊರಿಗೆ ಊರೇ ಸಿದ್ಧವಾಯಿತು. ಈರಪ್ಪನ ಮನೆಗೆ ದೊಡ್ಡವರು ಬರುತ್ತಾರೆ, ಅವನ ಮರ್ಯಾದೆ ಉಳಿಯಬೇಕು! ಅವ್ವ ಸೆಗಣಿಯಿಂದ ನೆಲ ಸಾರಿಸಿ ರಂಗೋಲಿ ಹಾಕಿದಳು. ಇದಿರು ಮನೆಯ ಹನುಮಂತಪ್ಪ ತನ್ನ ಪ್ಲಾಸ್ಟಿಕ್ ಕುರ್ಚಿಗಳನ್ನು ತಂದು ಹಾಕಿದ. ಮೇಲಿನ ಓಣಿಯವರು ಚಾ ಕೊಡಲು ಹೂವಿನ ಚಿತ್ರದ ಕಪ್ಪು ಬಸಿ ಕೊಟ್ಟರು. ಅಪ್ಪ ಅಕ್ಕನ ಮದುವೆಗೆ ಉಟ್ಟಿದ್ದ ಬಿಳಿ ಧೋತರ ಉಟ್ಟ. ಇಷ್ಟು ಸಾಲದು ಎಂದು ಹನುಮಂತಪ್ಪ ತನ್ನ ಕುರಿಗಳನ್ನೂ ಹೊಡೆದುಕೊಂಡು ಬಂದು ನಮ್ಮ ದೊಡ್ಡಿಯಲ್ಲಿ ತುಂಬಿದ.

"ಇದ್ಯಾಕ ಕಾಕಾ?" ಅಂದೆ ಗಾಬರಿಯಿಂದ.

"ಸಾಹೇಬ್ರು ಬಂದಾಗ ದೊಡ್ಡಿ ಖಾಲಿ ಕಂಡ್ರ ಚಂದ ಕಾಣಂಗಿಲ್ಲವ್ವ" ಅಂದ ಅವನು.

ಮಾಡುತ್ತಿರುವುದು ಬಡತನದ ವಿಚಾರಣೆ ಎಂದು ಯಾರಿಗೆ ಹೇಳುವುದು? ನಾನು ಅವ್ವನಿಗಾದರೂ ಹೇಳೋಣವೆಂದು ಒಳಗೆ ಹೋದರೆ ಅವಳು ಹೋಳಿಗೆಗೆ ಹೂರಣ ರುಬ್ಬುತ್ತಿದ್ದಳು. "ಮನಿಗೆ ಬಂದವ್ರಿಗೆ ಬರೇ ಚಾ ಕೊಟ್ಟು ಕಳಸಾಕಾಗ್ತದೇನು?" ಎಂದು ನನ್ನನ್ನೇ ಗದರಿದಳು. ನನ್ನ ಓದು ನಿಲ್ಲಬಾರದು ಎಂದು ದೇವರಿಗೆ ಹರಕೆ ಹೊತ್ತವಳೂ ಇವಳೇ.

ಸಾಹೇಬರು ಬಂದರು. ಬಿಳಿ ಧೋತರ ನೋಡಿದರು, ದೊಡ್ಡಿ ನೋಡಿದರು, ತುಪ್ಪ ಸುರಿದ ಹೋಳಿಗೆ ನೋಡಿದರು. ಮುಖದಲ್ಲಿ ನಗು ತಡೆದುಕೊಳ್ಳುತ್ತಿದ್ದರೋ ಸಿಟ್ಟೋ ತಿಳಿಯಲಿಲ್ಲ. ಕುರ್ಚಿಯಲ್ಲಿ ಕುಳಿತು ಸುತ್ತ ನೆರೆದವರನ್ನು ಕೇಳಿದರು.

"ಏನ್ರಿ, ಈರಪ್ಪನ ಪರಿಸ್ಥಿತಿ ಹ್ಯಾಂಗದ? ಕಷ್ಟದಾಗ ಅದಾನೇನು?"

"ಈರಪ್ಪಗ ಏನ್ ಕಡಿಮಿ ಅದ್ರೀ ಸಾಹೇಬ್ರ?" ಎಂದು ಹನುಮಂತಪ್ಪ ಮುಂದೆ ಬಂದ. "ಬಂಗಾರದಂಥ ಮನಷ್ಯಾ."

"ಮನಷ್ಯಾ ಬಂಗಾರ ಇರ್ಲಿ. ಮನ್ಯಾಗ ಏನದ?"

"ಒಬ್ಬರ ಮುಂದ ಕೈ ಚಾಚಿದಾಂವ ಅಲ್ರಿ. ಬೇಕಾದ್ರ ಊರೆಲ್ಲಾ ಕೇಳ್ರಿ."

ಊರೆಲ್ಲ ತಲೆ ಆಡಿಸಿತು. ಬಾಗಿಲ ಮರೆಯಲ್ಲಿ ನಿಂತಿದ್ದ ನಾನು ಕಣ್ಣು ಮುಚ್ಚಿಕೊಂಡೆ. ಇಷ್ಟು ಜನ, ಇಷ್ಟು ಪ್ರೀತಿಯಿಂದ, ಒಗ್ಗಟ್ಟಾಗಿ ನನ್ನನ್ನು ಕಾಲೇಜು ಬಿಡಿಸುತ್ತಿದ್ದಾರೆ ಅನ್ನಿಸಿತು. ಸಾಹೇಬರು ಕಾಗದ ಮಡಚಲು ಶುರುಮಾಡಿದ್ದರು.

ಆಗ ಅಂಗಳಕ್ಕೆ ಅಕ್ಕ ಬಂದಳು. ತುಂಬಿದ ಬಸುರಿ, ಬಿಸಿಲಿಗೆ ಮುಖ ಕೆಂಪಾಗಿತ್ತು. ಅವಳ ಹಿಂದೆ ಅವಳ ಅತ್ತೆ ದ್ಯಾವಮ್ಮ, ತಲೆಯ ಮೇಲೆ ಬಟ್ಟೆಯ ಗಂಟು. ಚೊಚ್ಚಲ ಹೆರಿಗೆಗೆ ಕರೆದುಕೊಂಡು ಬರಲು ನಮ್ಮ ಮನೆಯಿಂದ ಹೋಗಬೇಕಿತ್ತು. ಈ ಗದ್ದಲದಲ್ಲಿ ಅಪ್ಪ ದಿನ ದೂಡಿದ್ದ. ದಾರಿ ನೋಡಿ ಸಾಕಾಗಿ ಬೀಗತಿ ತಾನೇ ಸೊಸೆಯನ್ನು ಕರೆದುಕೊಂಡು ಮಾನ್ವಿಯಿಂದ ಹೊರಟು ಬಂದಿದ್ದಳು. ಯಾರು ಬರಬಾರದಿತ್ತೋ ಅವರು, ಯಾವಾಗ ಬರಬಾರದಿತ್ತೋ ಆಗ ಬಂದಿದ್ದರು. ಅಪ್ಪ ಎದ್ದು ನಿಂತವನು ಬರ್ರಿ ಅನ್ನುವುದನ್ನೂ ಮರೆತ.

ದ್ಯಾವಮ್ಮ ಗಂಟು ಇಳಿಸಿ, ಸೊಸೆಯನ್ನು ಕಟ್ಟೆಯ ಮೇಲೆ ಕೂರಿಸಿ, ಏನು ನಡೆದಿದೆ ಎಂದು ಕೇಳಿದಳು. ಸಾಹೇಬರೇ ಹೇಳಿದರು. ಹುಡುಗಿಯ ಹಾಸ್ಟೆಲ್ಲಿಗೆ ಆದಾಯದ ಕಾಗದ ಬೇಕಂತೆ, ಆದರೆ ಇಲ್ಲಿ ನೋಡಿದರೆ ಯಾರಿಗೂ ಬಡತನವೇ ಇಲ್ಲ ಅಂದರು. ದ್ಯಾವಮ್ಮ ಬಾಗಿಲ ಮರೆಯಲ್ಲಿದ್ದ ನನ್ನನ್ನು ಒಮ್ಮೆ ನೋಡಿದಳು, ಅಪ್ಪನನ್ನು ಒಮ್ಮೆ ನೋಡಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಸಾಹೇಬ್ರ, ಇವರು ಹೇಳಂಗಿಲ್ಲ. ಊರವರೂ ಹೇಳಂಗಿಲ್ಲ. ನಾ ಹೇಳ್ತೀನಿ, ಬರ್ಕೋರಿ. ನಮ್ಮ ಬೀಗರ ಹತ್ರ ಏನೂ ಇಲ್ಲ."

ಬೀಗತಿಯೊಬ್ಬಳು ಬೀಗರ ಮನೆಯ ಅಂಗಳದಲ್ಲಿ ನಿಂತು ಹೀಗೆ ಹೇಳುವುದೆಂದರೆ ನಮ್ಮ ಕಡೆ ಜಗಳಕ್ಕೆ ಇನ್ನೇನೂ ಬೇಕಾಗಿಲ್ಲ. ಅಕ್ಕ ಅಳುವ ಹಾಗಾದಳು. ಆದರೆ ದ್ಯಾವಮ್ಮನ ದನಿಯಲ್ಲಿ ಜಗಳ ಇರಲಿಲ್ಲ.

"ನಾವು ಹೆಣ್ಣು ನೋಡಾಕ ಬಂದಾಗ್ಲೂ ಇವೇ ಕುರ್ಚಿ ಹಾಕಿದ್ರು ನೋಡ್ರಿ. ಬೆನ್ನಿಗೆ ಹನುಮಂತಪ್ಪ ಅಂತ ಹೆಸರು ಬರದದ. ಅವತ್ತೇ ನನ್ನ ಮಗ ಓದಿ ಹೇಳಿದ. ಮಂದಿ ಮನಿ ಕುರ್ಚಿ ತಂದು ನಮ್ಮನ್ನ ಕುಂದ್ರಿಸಿದ್ರಲ್ಲಾ, ಅದೇ ನನಗ ಸೇರ್ತು. ಅಂಥವ್ರ ಮಗಳು ನಮ್ಮನಿಗೆ ಬರ್ಲಿ ಅಂದೆ."

ಅಪ್ಪ ಒಂದು ಹೆಜ್ಜೆ ಮುಂದೆ ಬಂದ. "ಗೊತ್ತಿದ್ದೂ ಸುಮ್ನಿದ್ರೇನ್ರಿ?"

"ಮತ್ತ? ನಾವೇನು ಖರೇ ಹೇಳಿದ್ವೇನ್ರಿ ಬೀಗರ? ಎಂಟ ಎಕರಿ ಅಂದಿದ್ವಿ. ನಿಮ್ಮ ಮಗಳು ಮೂರರ ಮ್ಯಾಲ ಎಲ್ಲಿ ನೋಡ್ಯಾಳ, ಕೇಳ್ರಿ ಆಕೀನ್ನ."

ಅಕ್ಕ ಅಳುತ್ತಲೇ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಸಾಹೇಬರೂ ನಕ್ಕು ಕಾಗದ ಮತ್ತೆ ಬಿಡಿಸಿದರು. "ನಿಮ್ಮ ಮಾತು ಬರ್ಕೋತೀನಿ ಅವ್ವಾರ. ಆದ್ರ ಮನಿ ಯಜಮಾನ್ರೂ ತಮ್ಮ ಬಾಯಿಲೆ ಹೇಳಬೇಕ್ರಿ" ಅಂದರು.

ಎಲ್ಲರೂ ಅಪ್ಪನ ಕಡೆ ನೋಡಿದರು. ಅಪ್ಪ ನಿಂತಿದ್ದ. ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡ. ಹೊರಗಿನವರ ಎದುರು ಅವನ ಬರಿದಲೆಯನ್ನು ನಾನು ನೋಡಿದ್ದು ಅದೇ ಮೊದಲು. ಕೂದಲು ಯಾವಾಗ ಇಷ್ಟು ಬೆಳ್ಳಗಾಗಿತ್ತೋ.

"ಆಕಿ ಓದ್ತಾಳ್ರಿ ಸಾಹೇಬ್ರ" ಅಂದ. "ಚಲೋ ಓದ್ತಾಳ. ಓದಸಾಕ ನನ್ನ ಹತ್ರ ಇಲ್ರಿ."

ಅಷ್ಟೇ. ಹೇಳಿ ನೆಲ ನೋಡಿದ. ನನಗೆ ಅಳು ತಡೆಯಲಾಗಲಿಲ್ಲ. ಹಾಸ್ಟೆಲ್ಲು ಬೇಡ, ಓದು ಬೇಡ, ಈ ಮನುಷ್ಯ ತಲೆಗೆ ರುಮಾಲು ಸುತ್ತಿಕೊಂಡು ಮೊದಲಿನ ಹಾಗೆ ಸುಳ್ಳು ಹೇಳಿಕೊಂಡಿರಲಿ ಅನ್ನಿಸಿತು. ಅಷ್ಟರಲ್ಲಿ ಹನುಮಂತಪ್ಪ ಹಿಂದಿನಿಂದ ಸಣ್ಣ ದನಿಯಲ್ಲಿ, "ಸಾಹೇಬ್ರ, ಆ ಕುರಿ ನನ್ನವ್ರಿ. ತಪ್ಪ ತಿಳ್ಕೊಬ್ಯಾಡ್ರಿ" ಅಂದ. ಮೇಲಿನ ಓಣಿಯವರು ಕಪ್ಪು ಬಸಿ ತಮ್ಮವೆಂದರು. ಒಬ್ಬೊಬ್ಬರಾಗಿ ಎಲ್ಲರೂ ಈರಪ್ಪನ ಅಂಗಳದಲ್ಲಿದ್ದ ತಮ್ಮ ತಮ್ಮ ಸಾಮಾನು ಒಪ್ಪಿಕೊಂಡರು. ಹೋಳಿಗೆಯ ಬೇಳೆ ಬೆಲ್ಲ ಎಲ್ಲಿಂದ ಬಂದವೆಂದು ಅವ್ವನೂ ಬಾಗಿಲಿಗೆ ಬಂದು ಹೇಳಿದಳು. ಸಾಹೇಬರು ಎಲ್ಲ ಬರೆದುಕೊಂಡು, ಹೋಳಿಗೆಯನ್ನು ಪೂರ್ತಿ ತಿಂದು ಹೋದರು.

ಕಾಗದ ಬದಲಾಯಿತು, ನನಗೆ ಹಾಸ್ಟೆಲ್ಲು ಸಿಕ್ಕಿತು, ಅಕ್ಕನಿಗೆ ಗಂಡು ಮಗು ಹುಟ್ಟಿತು. ದ್ಯಾವಮ್ಮ ಅಪ್ಪನನ್ನು ಎಲ್ಲಿ ಕಂಡರೂ "ಏನ್ರಿ, ನಾಕ ಲಕ್ಷದ ಬೀಗರು" ಎಂದು ಕರೆಯುತ್ತಾಳೆ, ಅಪ್ಪ ಅವಳನ್ನು ಎಂಟೆಕರೆ ಬೀಗತಿ ಅನ್ನುತ್ತಾನೆ. ಇದೆಲ್ಲ ಆಮೇಲಿನದು. ನನಗೆ ಹೆಚ್ಚು ನೆನಪಿರುವುದು ಆ ದಿನದ ಸಂಜೆ.

ಮರುದಿನ ಕ್ಲಾಸಿತ್ತು. ಸಂಜೆಯ ಬಸ್ಸಿಗೆ ನನ್ನನ್ನು ಹತ್ತಿಸಲು ಅಪ್ಪ ರಸ್ತೆಯವರೆಗೆ ಬಂದ. ರುಮಾಲು ಇನ್ನೂ ತಲೆಗೆ ಏರಿರಲಿಲ್ಲ, ಹೆಗಲ ಮೇಲಿತ್ತು. ಹೊಲದ ಬದುವಿನ ಮೇಲೆ ಇಬ್ಬರೂ ಕುಳಿತೆವು. ಅಪ್ಪ ಕೇಳಿದ.

"ಯವ್ವಾ, ಆ ಹಾಸ್ಟೆಲ್ಲದಾಗ ಭಾಳ ಹುಡುಗ್ಯಾರು ಇರ್ತಾರೇನು?"

"ಭಾಳ ಮಂದಿ ಇರ್ತಾರ ಯಪ್ಪಾ. ಸೀಟು ಸಾಲಂಗಿಲ್ಲ."

"ಎಲ್ಲಾರ ಹತ್ರಾನೂ ಈ ಕಾಗದ ಇರ್ತದೇನು?"

"ಇರ್ಲೇಬೇಕು. ಇಲ್ಲಂದ್ರ ತಗೊಳ್ಳಂಗಿಲ್ಲ."

ದೂರದಲ್ಲಿ ಬಸ್ಸಿನ ಸದ್ದು ಕೇಳಿಸಿತು. ಅಪ್ಪ ನನ್ನ ಚೀಲ ಎತ್ತಿಕೊಂಡು ಎದ್ದು ನಿಂತ.

"ಅಂದ್ರ ಆ ಹುಡುಗ್ಯಾರ ಅಪ್ಪಗೋಳೂ ಎಲ್ಲಾರೂ ಹಿಂಗ ಮಂದಿ ಮುಂದ ನಿಂತು ಹೇಳ್ಯಾರ?"

"ಹೇಳ್ಯಾರ ಯಪ್ಪಾ."

"ಪಾಪ" ಅಂದ ಅಪ್ಪ. "ಎಷ್ಟ ತ್ರಾಸ ಆಗಿರ್ಬೇಕು ಅವರಿಗೆ."